ತ್ಯಾಗದ ಪ್ರೀತಿ ಅಂದರೆ ಕೇಳಿದಾಗಲೆಲ್ಲ ಕೊಡುವುದೇ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಯಸ್ಸು 41. ನನ್ನ ತಮ್ಮ ಕುಡಿಯುತ್ತಾನೆ, ಸಿಕ್ಕ ಸಿಕ್ಕಲ್ಲಿ ಕೈಸಾಲ ಮಾಡುತ್ತಾನೆ. ಮೂರು ಸಲ ಸಾಲ ತೀರಿಸಿದೆ. ಮೂರನೇ ಸಲ ನನ್ನ ಎರಡೆಳೆ ಸರ ಗಿರವಿ ಅಂಗಡಿಗೆ ಹೋಯಿತು, ಇನ್ನೂ ಬಿಡಿಸಿಲ್ಲ. ಅಮ್ಮನ ಮಗ ಈಗ ನಾಲ್ಕನೇ ಸಲ ಬಂದು ಕೂತಿದ್ದಾನೆ. ಶನಿವಾರದೊಳಗೆ ಕೊಡಬೇಕಂತೆ. ನನ್ನ ಗಂಡ ‘ಸಾಕು’ ಅನ್ನುತ್ತಾರೆ. ಅಮ್ಮ ಮಾತ್ರ, ‘ಯೇಸುಸ್ವಾಮಿ ನಿನಗೋಸ್ಕರ ಪ್ರಾಣಾನೇ ಕೊಟ್ಟ, ನಿನಗೆ ಒಂದು ಬಳೆ ಕೊಡೋಕೆ ಆಗಲ್ವಾ?’ ಅಂತಾರೆ. ಅಮ್ಮನ ಮಗ ಉದ್ಧಾರ ಆಗಲ್ಲ ಅಂತ ಗೊತ್ತು. ಆದರೂ ಕೊಡದಿದ್ದರೆ ನಾನೆಂಥ ಕ್ರೈಸ್ತಳು ಅನಿಸುತ್ತದೆ. ಅವನಿಗೆ ಎಂಟನೇ ಕ್ಲಾಸಿನ ಮಗಳಿದ್ದಾಳೆ. ತ್ಯಾಗದ ಪ್ರೀತಿ ಅಂದರೆ ನಿಜವಾಗಿ ಏನು? ಅದಕ್ಕೊಂದು ಮಿತಿ ಇದೆಯೇ?

ಉತ್ತರ: ಸಹೋದರಿ, ನಿಮ್ಮ ತಾಯಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಮಾತನ್ನು ನಾನೂ ಆಡಿದವನೇ. ಸಭಾಪಾಲಕನಾಗಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ನಮ್ಮ ಸಭೆಯಲ್ಲಿ ಬಡಗಿ ಕೆಲಸದ ಹಿರಿಯರೊಬ್ಬರಿದ್ದರು. ಮಗ ಇಸ್ಪೀಟಿನಲ್ಲಿ ಸಾಲ ಮಾಡಿಕೊಂಡಿದ್ದ. ಇದ್ದ ಒಂದು ಸೈಟು ಮಾರಿ ತೀರಿಸಲೇ, ಬೇಡವೇ ಎಂದು ಕೇಳಲು ಬಂದರು. ನಾನು ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ತೆಗೆದು, ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಗಿಂತ ದೊಡ್ಡ ಪ್ರೀತಿ ಇಲ್ಲ ಎಂಬ 13ನೇ ವಚನ ಓದಿದೆ. ಪ್ರಾರ್ಥನೆ ಮಾಡಿ ಕಳಿಸಿದೆ. ಸೈಟು ಹೋಯಿತು. ವರ್ಷ ತುಂಬುವುದರೊಳಗೆ ಮಗ ಹೊಸ ಸಾಲ ಮಾಡಿ ಊರು ಬಿಟ್ಟ. ಆ ಹಿರಿಯರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ಚಪ್ಪಲಿ ಬಿಡುವ ಬಾಗಿಲ ಹತ್ತಿರದ ಬೆಂಚಿಗೆ ಹೋದರು. ಆಶೀರ್ವಾದ ಹೇಳುವಷ್ಟರಲ್ಲಿ ಎದ್ದು ಹೊರಟಿರುತ್ತಿದ್ದರು. ನಾನು ಓದಿದ ವಚನದಲ್ಲಿ ತಪ್ಪಿರಲಿಲ್ಲ. ಅದನ್ನು ಓದುವ ಹಕ್ಕು ನನಗಿತ್ತೇ ಎಂದು ಆಮೇಲೆ ಬಹಳ ವರ್ಷ ಯೋಚಿಸಿದ್ದೇನೆ.

ಆ ವಚನ ಹುಟ್ಟಿದ ಸಂದರ್ಭ ನೋಡಿ. ಯೇಸುವನ್ನು ಹಿಡಿದುಕೊಡುವ ಶಿಷ್ಯ ಯೂದ ಆಗಲೇ ಊಟದಿಂದ ಎದ್ದು ಕತ್ತಲೆಗೆ ಹೋಗಿದ್ದಾನೆ. ಬೆಳಗಾದರೆ ಶಿಲುಬೆ. ಆ ರಾತ್ರಿ ಶಿಷ್ಯರ ಜೊತೆಗಿದ್ದು ಯೇಸು ಈ ಮಾತು ಹೇಳುತ್ತಾನೆ. ಅಂದರೆ ಇದು ಕೊಡಲು ಹೊರಟವನ ಬಾಯಿಂದ ಬಂದ ಮಾತು. ಇದನ್ನು ಪಡೆಯುವವನ ಬಾಯಿಗೆ ಹಾಕಿದರೆ ಅದೇ ಮಾತು ವಸೂಲಿಯ ಚೀಟಿಯಾಗುತ್ತದೆ. ಅದೇ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಆತ ಇನ್ನೂ ಬಿಡಿಸಿ ಹೇಳಿದ್ದಾನೆ: ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ. ಗೆತ್ಸೇಮನೆ ತೋಟದಲ್ಲಿ ‘ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ’ ಎಂದು ಬೇಡಿಕೊಂಡವನೂ ಆತನೇ. ನೋವು ಆತನಿಗೆ ಬೇಕಾಗಿರಲಿಲ್ಲ. ಮಹಾಯಾಜಕನ ಎದುರು ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆದಾಗ, ‘ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ?’ ಎಂದು ಕೇಳಿದ. ಶುಭ ಶುಕ್ರವಾರದ ಪ್ರಸಂಗಗಳಲ್ಲಿ ನಾವು ಈ ಪ್ರಶ್ನೆಯ ಮೇಲೆ ಹೆಚ್ಚು ನಿಲ್ಲುವುದಿಲ್ಲ. ತುಟಿ ಬಿಚ್ಚದೆ ಸಹಿಸಿದ ಯೇಸುವೇ ನಮಗೆ ಅನುಕೂಲ.

‘ಅಗಾಪೆ’ ಎಂಬ ಗ್ರೀಕ್ ಪದದ ಬಗ್ಗೆ ನೀವು ಕೇಳಿರುತ್ತೀರಿ. ಗ್ರೀಕಿನಲ್ಲಿ ಪ್ರೀತಿಗೆ ಹಲವು ಪದಗಳಿವೆ, ಅವುಗಳಲ್ಲಿ ಅಗಾಪೆ ದೈವಿಕವಾದದ್ದು, ಏನನ್ನೂ ಬಯಸದ ಪ್ರೀತಿ ಎಂದು ಪ್ರತಿ ಕನ್ವೆನ್ಶನ್‌ನಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಪದದ ಬಳಕೆ ಮಾತ್ರ ಅಷ್ಟು ಅಚ್ಚುಕಟ್ಟಾಗಿಲ್ಲ. ಅಪೊಸ್ತಲ ಪೌಲನ ಜೊತೆಗಾರ ದೇಮನು ಅವನನ್ನು ಬಿಟ್ಟು ‘ಇಹಲೋಕವನ್ನು ಪ್ರೀತಿಸಿ’ ಹೊರಟುಹೋದ ಎಂಬಲ್ಲಿ ಇರುವ ಕ್ರಿಯಾಪದವೂ ಅದೇ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ದಾವೀದನ ಮಗ ಅಮ್ನೋನನು ಮಲತಂಗಿ ತಾಮಾರಳ ಮೇಲಿಟ್ಟ ಕೆಟ್ಟ ಆಸೆಗೂ ಅದೇ ಪದ. ಆದ್ದರಿಂದ ಪದ ಹಿಡಿದುಕೊಂಡರೆ ದಾರಿ ಸಿಗುವುದಿಲ್ಲ. ಯಾರು, ಯಾರಿಗಾಗಿ, ಏನನ್ನು ಕೊಟ್ಟರು, ಅದರಿಂದ ಯಾರು ಬದುಕಿದರು ಎಂದು ನೋಡಬೇಕು.

ಒಂದು ನಿಜ ಘಟನೆ ಹೇಳುತ್ತೇನೆ. 1941ರ ಜುಲೈ ಕೊನೆ, ಜರ್ಮನರ ವಶದಲ್ಲಿದ್ದ ಪೋಲೆಂಡಿನ ಆಶ್‌ವಿಟ್ಜ್ ಶಿಬಿರ. ಒಬ್ಬ ಕೈದಿ ತಪ್ಪಿಸಿಕೊಂಡ ಎಂದು ಅದಕ್ಕೆ ಪ್ರತಿಯಾಗಿ ಹತ್ತು ಜನರನ್ನು ಅನ್ನನೀರಿಲ್ಲದೆ ಸಾಯಿಸಲು ಅಧಿಕಾರಿ ಕಾರ್ಲ್ ಫ್ರಿಟ್ಷ್ ಸಾಲಿನಿಂದ ಆರಿಸುತ್ತಿದ್ದ. ಆಯ್ಕೆಯಾದವರಲ್ಲಿ ಫ್ರಾನ್ಸಿಶೆಕ್ ಗಯೋವ್ನಿಚೆಕ್ ಎಂಬ ಸೈನಿಕ ‘ನನ್ನ ಹೆಂಡತಿ, ನನ್ನ ಮಕ್ಕಳು’ ಎಂದು ಕೂಗಿಕೊಂಡ. ಆಗ 16670ನೇ ನಂಬರಿನ ಕೈದಿ ಸಾಲು ಬಿಟ್ಟು ಮುಂದೆ ಬಂದ. ಅಲ್ಲಿ ಸಾಲು ಬಿಡುವುದೆಂದರೆ ಗುಂಡೇಟಿಗೆ ಎದೆ ಕೊಟ್ಟ ಹಾಗೆ. ನಾನು ಕ್ಯಾಥೊಲಿಕ್ ಪಾದ್ರಿ, ಇವನಿಗೆ ಹೆಂಡತಿ ಮಕ್ಕಳಿದ್ದಾರೆ, ಇವನ ಬದಲು ನಾನು ಹೋಗುತ್ತೇನೆ ಎಂದ. ಆತ ಮ್ಯಾಕ್ಸಿಮಿಲಿಯನ್ ಕೋಲ್ಬೆ, 47 ವರ್ಷದ ಫ್ರಾನ್ಸಿಸ್ಕನ್ ಸನ್ಯಾಸಿ. 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಎರಡು ವಾರ ಉಪವಾಸ ಬಿದ್ದರೂ ಜೀವ ಹೋಗಲಿಲ್ಲ. ಆಗಸ್ಟ್ 14ರಂದು ವಿಷದ ಇಂಜೆಕ್ಷನ್ ಚುಚ್ಚಿ ಕೊಂದರು. ಗಯೋವ್ನಿಚೆಕ್ ಬದುಕಿ ಉಳಿದ. 1982ರ ಅಕ್ಟೋಬರ್ 10ರಂದು ಪೋಪ್ ಎರಡನೇ ಜಾನ್ ಪಾಲ್ ಕೋಲ್ಬೆಯನ್ನು ಸಂತ ಎಂದು ಘೋಷಿಸಿದಾಗ ಅಲ್ಲಿದ್ದ. 1995ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಅವನು ಯಾರ ಹೆಸರು ಹಿಡಿದು ಅತ್ತನೋ ಆ ಇಬ್ಬರು ಗಂಡುಮಕ್ಕಳು, ಅಪ್ಪ ಮನೆ ಸೇರುವ ಮೊದಲೇ 1945ರ ಬಾಂಬ್ ದಾಳಿಯಲ್ಲಿ ಸತ್ತಿದ್ದರು. ಹೆಂಡತಿ ಮಾತ್ರ ಸಿಕ್ಕಳು. ಕೊಟ್ಟ ಜೀವಕ್ಕೆ ತಕ್ಕ ಫಲ ಬಂತೇ ಎಂದು ಲೆಕ್ಕ ಹಾಕಿದರೆ ಇಲ್ಲಿ ಲೆಕ್ಕ ಕೂಡುವುದಿಲ್ಲ. ಹಾಗಾಗಿ ‘ತಮ್ಮ ಉದ್ಧಾರ ಆಗುತ್ತಾನೆಂಬ ಗ್ಯಾರಂಟಿ ಇದ್ದರೆ ಮಾತ್ರ ಕೊಡಿ’ ಎಂದು ನಿಮಗೆ ಹೇಳಲು ನನ್ನಿಂದ ಆಗದು. ಮೊದಲ ಸಲ ನೀವು ಕೊಟ್ಟಿರಲ್ಲ, ಅದು ದಡ್ಡತನವಲ್ಲ.

ಆದರೆ ಕೋಲ್ಬೆಯನ್ನು ಯಾರೂ ಹಿಂದಿನಿಂದ ನೂಕಲಿಲ್ಲ. ಆತನೂ ಪಕ್ಕದವನ ತೋಳು ಹಿಡಿದು ‘ಇವನನ್ನು ತಗೊಳ್ಳಿ’ ಅನ್ನಲಿಲ್ಲ. ಕೊಟ್ಟದ್ದು ತನ್ನ ಕೈಯಲ್ಲಿದ್ದದ್ದನ್ನು. ಇಲ್ಲಿ ನಮ್ಮ ಕನ್ನಡ ಒಂದು ಉಪಕಾರ ಮಾಡುತ್ತದೆ. ತ್ಯಾಗ ಬೇರೆ, ಬಲಿ ಬೇರೆ ಎಂದು ನಮ್ಮ ಕಿವಿಗೇ ಗೊತ್ತು. ತ್ಯಾಗ ಮಾಡುವುದು, ಬಲಿ ಕೊಡುವುದು. ಕೆರೆಗೆ ನೀರು ಬರಲೆಂದು ಮನೆಯ ಹಿರಿಯರು ಕೂತು ಮಾತಾಡಿ ಕಿರಿ ಸೊಸೆಯನ್ನು ಹಾರ ಕೊಟ್ಟ ಕಥೆ ಕೇಳಿ ಬೆಳೆಯದ ಕನ್ನಡಿಗರು ಕಡಿಮೆ. ನೀರೇನೋ ಬಂತು. ನಿರ್ಧಾರ ಮಾಡಿದವರು ಯಾರು, ಮೆಟ್ಟಿಲು ಇಳಿದವಳು ಯಾರು ಎಂಬ ಪ್ರಶ್ನೆ ಉಳಿಯಿತು. ನಿಮ್ಮ ಬಳೆಯನ್ನು ನಿಮ್ಮ ತಾಯಿ ಕೊಟ್ಟರೆ ಅದು ಅವರ ತ್ಯಾಗವಲ್ಲ. ನಿಮಗೂ ಇದೇ ಮಾತು: ನಿಮ್ಮ ಮಕ್ಕಳ ಫೀಸಿಗಿಟ್ಟ ದುಡ್ಡು, ನಿಮ್ಮ ಗಂಡನ ಚೀಟಿ ಹಣ ಅದರಲ್ಲಿ ಸೇರಿದ್ದರೆ, ಅಷ್ಟರಮಟ್ಟಿಗೆ ನೀವು ಬೇರೆಯವರದ್ದನ್ನು ಕೊಡುತ್ತಿದ್ದೀರಿ.

ಇನ್ನು ಸವೆತದ ಮಾತು. ಎಷ್ಟು ಸವೆದರೆ ಅಷ್ಟು ಪ್ರೀತಿ ಎಂಬ ಅಳತೆ ನಮ್ಮ ಸಭೆಗಳಲ್ಲಿ, ಅದರಲ್ಲೂ ಹೆಂಗಸರ ವಿಷಯದಲ್ಲಿ, ಗಟ್ಟಿಯಾಗಿ ಕೂತಿದೆ. ಪೌಲ ಅದನ್ನು ಒಪ್ಪುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯವನ್ನು ಮದುವೆಗಳಲ್ಲಿ ತಪ್ಪದೆ ಓದುತ್ತೇವೆ. ‘ಪ್ರೀತಿ ಬಹು ತಾಳ್ಮೆಯುಳ್ಳದ್ದು’ ಎಂಬಲ್ಲಿಂದ ಎಲ್ಲರಿಗೂ ಬಾಯಿಪಾಠ. ಅದಕ್ಕೆ ಒಂದು ಸಾಲು ಹಿಂದೆ ಹೋಗಿ: ಇದ್ದದ್ದನ್ನೆಲ್ಲ ಹಂಚಿದರೂ, ದೇಹವನ್ನೇ ಸುಡಲು ಒಪ್ಪಿಸಿದರೂ, ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಎನ್ನುತ್ತಾನೆ. ಅಂದರೆ ಪ್ರೀತಿಯಿಲ್ಲದ ತ್ಯಾಗ ಸಾಧ್ಯ. ಹೆದರಿಕೆಯಿಂದ ಮಾಡಬಹುದು, ಹೆಸರಿಗಾಗಿ ಮಾಡಬಹುದು, ಬೇಡ ಅನ್ನಲು ಬಾಯಿ ಬರದೆ ಮಾಡಬಹುದು. ‘ನನಗೆ ಯಜ್ಞ ಬೇಡ, ಕರುಣೆಯೇ ಬೇಕು’ ಎಂಬ ಪ್ರವಾದಿ ಹೋಶೇಯನ ಮಾತನ್ನು ಯೇಸು ಎತ್ತಿ ಹೇಳಿದ್ದೂ ಇಂಥ ಕಡೆಯೇ.

ನೀವು ನರ್ಸ್ ಆದ್ದರಿಂದ ಮೊಲೊಕೈ ದ್ವೀಪದ ಕಥೆ ಬೇರೆಯವರಿಗಿಂತ ಚೆನ್ನಾಗಿ ನಿಮಗೆ ಅರ್ಥವಾಗುತ್ತದೆ. ಹವಾಯಿಯಲ್ಲಿ 1865ರಲ್ಲಿ ಬಂದ ಕಾನೂನಿನ ಪ್ರಕಾರ ಕುಷ್ಠರೋಗಿಗಳನ್ನು ಹಿಡಿದು ಆ ದ್ವೀಪದ ಕಲೌಪಪ ಭೂಶಿರಕ್ಕೆ ಸಾಗಿಸುತ್ತಿದ್ದರು. ಹಿಂದೆ ಎತ್ತರದ ಕಡಿದಾದ ಬೆಟ್ಟ, ಉಳಿದ ಮೂರು ಕಡೆ ಸಮುದ್ರ. 1873ರ ಮೇ 10ರಂದು ಬೆಲ್ಜಿಯಮ್‌ನ ಪಾದ್ರಿ ದಾಮಿಯನ್ ಅಲ್ಲಿಗೆ ಹೋದ. ಮನೆ ಕಟ್ಟಿದ, ಶವಪೆಟ್ಟಿಗೆ ಮಾಡಿದ, ಗಾಯ ತೊಳೆದ, ಒಂದೇ ಬಟ್ಟಲಿನಿಂದ ಅವರ ಜೊತೆ ಉಂಡ, ತನ್ನ ಹೊಗೆಪೈಪನ್ನೂ ಹಂಚಿಕೊಂಡ. 1884ರ ಕೊನೆಗೆ ಒಂದು ದಿನ ಕುದಿಯುವಂಥ ನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೊಕ್ಕೆ ಬಂತು, ಬಿಸಿ ಮಾತ್ರ ಗೊತ್ತಾಗಲಿಲ್ಲ. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ, ಅದೇ ರೋಗದಿಂದ ತೀರಿಕೊಂಡ. ಇದು ಎಲ್ಲರೂ ಹೇಳುವ ಕಥೆ.

ಹೇಳದೆ ಉಳಿಯುವ ಕಥೆ ಮದರ್ ಮೇರಿಯನ್ ಕೋಪ್ ಅವರದು. ದಾಮಿಯನ್ ಸಾಯುವ ಐದು ತಿಂಗಳ ಮೊದಲು, 1888ರ ನವೆಂಬರ್‌ನಲ್ಲಿ ಅಲ್ಲಿಗೆ ಬಂದರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಆಸ್ಪತ್ರೆ ನಡೆಸಿದ ಅನುಭವವಿತ್ತು. ಅವರದು ಕಟ್ಟುನಿಟ್ಟಾದ ಶಿಸ್ತು: ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಸಿಸ್ಟರ್‌ಗಳ ಊಟ ಬೇರೆಯೇ ಆಗಬೇಕು. ನಿಮ್ಮಲ್ಲಿ ಯಾರಿಗೂ ಈ ರೋಗ ತಗಲುವುದಿಲ್ಲ ಎಂದು ತಮ್ಮ ಸಿಸ್ಟರ್‌ಗಳಿಗೆ ಮಾತು ಕೊಟ್ಟಿದ್ದರು. ಯಾರಿಗೂ ತಗಲಲಿಲ್ಲ. ಮೇರಿಯನ್ ಅಲ್ಲೇ ಸುಮಾರು 30 ವರ್ಷ ದುಡಿದು, 1918ರಲ್ಲಿ 80ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ದಾಮಿಯನ್‌ಗೆ 2009ರಲ್ಲಿ ಸಂತ ಪದವಿ ಸಿಕ್ಕಿತು, ಮೇರಿಯನ್‌ಗೆ 2012ರಲ್ಲಿ.

ಒಬ್ಬರು ದೇಹ ಕಳೆದುಕೊಂಡರು, ಇನ್ನೊಬ್ಬರು ಕಾಪಾಡಿಕೊಂಡರು. ಇಬ್ಬರಲ್ಲಿ ಯಾರ ಪ್ರೀತಿ ಹೆಚ್ಚು ಎಂದು ಅಲ್ಲಿನ ರೋಗಿಗಳನ್ನು ಕೇಳಬೇಕಿತ್ತು. ನೀವು ವಾರ್ಡಿನಲ್ಲಿ ಗ್ಲೌಸ್ ಹಾಕಿಕೊಂಡು ಡ್ರೆಸಿಂಗ್ ಮಾಡುತ್ತೀರಿ. ಬರಿಗೈಯಲ್ಲಿ ಮಾಡಿದ್ದರೆ ರೋಗಿಯ ಮೇಲಿನ ಕಾಳಜಿ ಹೆಚ್ಚಾಗುತ್ತಿತ್ತು ಎಂದು ನಿಮಗೆ ಯಾವತ್ತಾದರೂ ಅನಿಸಿದೆಯೇ?

ಮಿತಿ ಇದೆಯೇ ಎಂದು ಕೇಳಿದ್ದೀರಿ. ಲೂಕನ ಸುವಾರ್ತೆಯ 10ನೇ ಅಧ್ಯಾಯದ ಸಮಾರ್ಯದವನನ್ನು ಸ್ವಲ್ಪ ನಿಧಾನವಾಗಿ ಹಿಂಬಾಲಿಸಿ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಸವಾರಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿದ. ಒಂದು ದಿನಾರಿ ಅಂದಿನ ಒಂದು ದಿನದ ಕೂಲಿ. ಕೈಯಲ್ಲಿದ್ದ ಚೀಲವನ್ನೇ ಸುರಿಯಲಿಲ್ಲ. ಕೆಲಸ ಬಿಟ್ಟು ಅಲ್ಲೇ ಕೂರಲಿಲ್ಲ. ‘ಹೋಗಿ ನೀನೂ ಹಾಗೆಯೇ ಮಾಡು’ ಎಂದು ಯೇಸು ತೋರಿಸಿದ ಮನುಷ್ಯ ಎರಡು ದಿನದ ಕೂಲಿ ಎಣಿಸಿ ಕೊಟ್ಟವನು. ಇನ್ನೊಂದು ಗಮನಿಸಿ, ದುಡ್ಡು ಛತ್ರದವನ ಕೈಗೆ ಹೋಯಿತು.

ನಿಮ್ಮ ಮನೆಗೆ ಇನ್ನೂ ಹತ್ತಿರದ ಕಥೆ ಲೂಕ 15ರಲ್ಲಿದೆ, ಮನೆಬಿಟ್ಟು ಹೋದ ಕಿರಿಮಗನದು. ಅಪ್ಪ ಬದುಕಿರುವಾಗಲೇ ಮಗ ಪಾಲು ಕೇಳಿದ. ಅಪ್ಪ ಕೊಟ್ಟ. ಅಲ್ಲಿ ಆಸ್ತಿ ಎನ್ನುವುದಕ್ಕೆ ಲೂಕ ಬಳಸಿದ ಗ್ರೀಕ್ ಪದಕ್ಕೆ ‘ಬದುಕು’ ಎಂಬ ಅರ್ಥವೂ ಇದೆ. ಬದುಕನ್ನೇ ಹರಿದು ಹಂಚಿದ ಹಾಗೆ. ಮಗ ದೂರದೇಶಕ್ಕೆ ಹೋಗಿ ಎಲ್ಲ ಹಾಳುಮಾಡಿ ಹಂದಿ ಮೇಯಿಸುತ್ತ, ಹಂದಿಗೆ ಹಾಕುವ ಕಾಯಿಗೂ ಬಾಯಿ ಬಿಟ್ಟ. ‘ಯಾರೂ ಅವನಿಗೆ ಕೊಡಲಿಲ್ಲ’ ಎಂದಿದೆ. ಅದರ ಮುಂದಿನ ಸಾಲಿನಲ್ಲೇ ಅವನಿಗೆ ಬುದ್ಧಿ ಬರುವುದು. ಅಪ್ಪನಿಗೆ ಆಳುಗಳಿದ್ದರು, ಹಣವಿತ್ತು. ಆಳಿನ ಕೈಯಲ್ಲಿ ಒಂದು ಗಂಟು ಕಳಿಸಿದ್ದರೆ ಹುಡುಗ ಇನ್ನೊಂದು ವರ್ಷ ಅಲ್ಲೇ ಇರುತ್ತಿದ್ದ ಎಂದು ನನಗನಿಸುತ್ತದೆ. ಅಪ್ಪ ಕಳಿಸಲಿಲ್ಲ. ಮರೆಯಲೂ ಇಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಅವನನ್ನು ಕಂಡ ಎಂದರೆ, ಎಷ್ಟು ಸಂಜೆ ಆ ದಾರಿಯನ್ನು ನೋಡುತ್ತ ನಿಂತಿದ್ದನೋ. ಕಂಡೊಡನೆ ಓಡಿದ. ಆ ಕಾಲದ ದೊಡ್ಡಮನುಷ್ಯರು ನಿಲುವಂಗಿ ಎತ್ತಿಕೊಂಡು ಬೀದಿಯಲ್ಲಿ ಓಡುತ್ತಿರಲಿಲ್ಲ, ಮಾನ ಹೋಗುತ್ತಿತ್ತು. ನನ್ನ ಓದಿನಲ್ಲಿ ಆ ಅಪ್ಪನ ತ್ಯಾಗ ಇರುವುದು ಕೊಟ್ಟ ಪಾಲಿನಲ್ಲಿ ಅಷ್ಟಿಲ್ಲ. ಕಳಿಸದೆ ಕಾದ ದಿನಗಳಲ್ಲಿ ಮತ್ತು ಆ ಓಟದಲ್ಲಿದೆ.

ಅದೇ ಕಥೆಯಲ್ಲಿ ಹಿರಿಮಗನೂ ಇದ್ದಾನೆ. ಹೊಲದಿಂದ ಬಂದವನಿಗೆ ಹಾಡು ಕುಣಿತ ಕೇಳಿಸುತ್ತದೆ, ಒಳಗೆ ಬರಲು ಒಲ್ಲೆ ಎನ್ನುತ್ತಾನೆ. ಇಷ್ಟು ವರ್ಷ ಆಳಿನ ಹಾಗೆ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಅಪ್ಪನ ಮೇಲೆ ಎಗರಾಡುತ್ತಾನೆ. ತಮ್ಮನನ್ನು ತಮ್ಮ ಅನ್ನುವುದಿಲ್ಲ, ‘ಈ ನಿನ್ನ ಮಗ’ ಅನ್ನುತ್ತಾನೆ. ಸಹೋದರಿ, ನಿಮ್ಮ ಪತ್ರದಲ್ಲಿ ‘ನನ್ನ ತಮ್ಮ’ ಒಂದೇ ಕಡೆ ಇದೆ. ಆಮೇಲೆ ಎರಡು ಕಡೆ ‘ಅಮ್ಮನ ಮಗ’ ಎಂದು ಬರೆದಿದ್ದೀರಿ. ಆಕ್ಷೇಪಣೆಗೆಂದು ಇದನ್ನು ಎತ್ತುತ್ತಿಲ್ಲ. ಮೂರು ಸಲ ಸಾಲ ತೀರಿಸಿದವರಿಗೆ ಆ ಸಿಟ್ಟು ಬರಬೇಕಾದದ್ದೇ. ಆದರೆ ನಾಲ್ಕನೇ ಸಲವೂ ಕೊಟ್ಟರೆ ತಮ್ಮನಿಗೆ ಒಂದಿಷ್ಟು ದುಡ್ಡು ಸಿಗುತ್ತದೆ, ಅಕ್ಕ ಇನ್ನೂ ಸ್ವಲ್ಪ ದೂರವಾಗುತ್ತಾಳೆ. ಕೊಡುತ್ತ ಕೊಡುತ್ತ ಪ್ರೀತಿ ಬತ್ತುತ್ತಿದ್ದರೆ, ನೀವು ಕೊಡುತ್ತಿರುವುದು ಬೇರೆ ಏನನ್ನೋ.

ಹಾಗಂತ ‘ಕೈ ತೊಳೆದುಕೊಳ್ಳಿ’ ಎಂದು ನಾನು ಹೇಳಿದೆ ಅಂದುಕೊಳ್ಳಬೇಡಿ. ಯೋಹಾನನ ಮೊದಲ ಪತ್ರಿಕೆಯ 3ನೇ ಅಧ್ಯಾಯ, ಸಹೋದರರಿಗಾಗಿ ಪ್ರಾಣ ಕೊಡುವ ಹಂಗಿನಲ್ಲಿದ್ದೇವೆ ಎಂದು 16ನೇ ವಚನದಲ್ಲಿ ಹೇಳಿ, 17ರಲ್ಲೇ ಕೊರತೆಯಲ್ಲಿರುವವನನ್ನು ಕಂಡೂ ಕರುಳು ಕಲ್ಲುಮಾಡಿಕೊಳ್ಳುವವನ ವಿಷಯಕ್ಕೆ ಇಳಿಯುತ್ತದೆ. ಪ್ರಾಣದ ಮಾತು ಒಂದೇ ಉಸಿರಿನಲ್ಲಿ ಅಕ್ಕಿಬೇಳೆಗೆ ಬರುತ್ತದೆ. ನಿಮ್ಮ ತಮ್ಮನ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಇದ್ದಾಳೆ. ಅವಳ ಫೀಸನ್ನು ಶಾಲೆಯ ಕೌಂಟರಿನಲ್ಲಿ ನೀವೇ ಕಟ್ಟಬಹುದು. ರೇಷನ್ ತಂದು ನಾದಿನಿಯ ಕೈಗೆ ಕೊಡಬಹುದು. ತಮ್ಮ ಚಿಕಿತ್ಸೆಗೆ ಹೂಂ ಅಂದರೆ, ಡ್ಯೂಟಿ ಬದಲಿಸಿಕೊಂಡು ಜೊತೆಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕುಡಿತ ಬಿಡಬೇಕೆಂದಿರುವವರು ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಎಷ್ಟೋ ಊರುಗಳಲ್ಲಿವೆ. ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೂ ಇದೆ, ಅದು ನಿಮಗೆ ಮತ್ತು ನಿಮ್ಮ ತಾಯಿಗೆ. ಕುಡಿತ ಒಂದು ಕಾಯಿಲೆ ಎಂದು ನರ್ಸ್‌ಗೆ ನಾನು ಹೇಳಿಕೊಡಬೇಕಿಲ್ಲ. ಆ ಕಾಯಿಲೆಗೆ ಸಾಲ ತೀರಿಸುವುದು ಔಷಧವಲ್ಲ ಎಂಬುದೂ ನಿಮಗೆ ಗೊತ್ತು.

ಇದರಲ್ಲಿ ಕಷ್ಟದ್ದು ಬಳೆಯಲ್ಲ. ಬಳೆ ಬಿಚ್ಚಿ ಕೊಟ್ಟರೆ ಶನಿವಾರ ಸಂಜೆ ನಿಮ್ಮ ತಾಯಿ ನಿಮ್ಮ ತಲೆ ಸವರುತ್ತಾರೆ, ನೆಂಟರ ನಡುವೆ ‘ಅಕ್ಕ ಅಂದರೆ ಅವಳು’ ಎಂಬ ಹೆಸರು ಉಳಿಯುತ್ತದೆ. ಕೊಡದಿದ್ದರೆ ಹೋಗುವುದು ಆ ಹೆಸರು. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ, ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡನು ಎನ್ನುತ್ತಾನೆ. ಬರಿದಾದದ್ದು ಏನು? ದೇವರಿಗೆ ಸಮನೆಂಬ ಸ್ಥಾನಮಾನ. ನಿಮ್ಮ ಮುಂದಿರುವ ಎರಡರಲ್ಲಿ ಯಾವುದು ನಿಮಗೆ ಹೆಚ್ಚು ದುಬಾರಿ ಎಂದು ಒಂದು ರಾತ್ರಿ ಕೂತು ಯೋಚಿಸಿ. ನನ್ನ ಅಂದಾಜಿನಲ್ಲಿ ಇಲ್ಲ ಅನ್ನುವುದೇ ದುಬಾರಿ, ಅದಕ್ಕೇ ಮೂರು ಸಲ ಹೂಂ ಅಂದಿರಿ.

ನಿಮ್ಮ ತಾಯಿಯ ಜೊತೆ ವಚನ ಹಿಡಿದು ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಗೆದ್ದರೂ ಅಡಿಗೆಮನೆಯಲ್ಲಿ ಮಾತು ನಿಂತುಹೋಗುತ್ತದೆ. ಮಗ ಕೈತಪ್ಪುತ್ತಾನೆ ಎಂಬ ಹೆದರಿಕೆಯೇ ಅವರ ಬಾಯಲ್ಲಿ ಯೇಸುವಿನ ಹೆಸರು ಹಿಡಿದು ಬರುತ್ತಿದೆ. ಗಂಡನ ಹತ್ತಿರ ಮೊದಲು ಮಾತಾಡಿ, ಎಷ್ಟು ಕೊಡುತ್ತೀರಿ, ಯಾವುದಕ್ಕೆ, ಯಾರ ಕೈಗೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿಕೊಳ್ಳಿ. ಆ ಎರಡು ದಿನಾರಿಯ ಲೆಕ್ಕ ಶನಿವಾರಕ್ಕೆ ಮೊದಲೇ ಆಗಿರಲಿ.

ಶನಿವಾರ ತಮ್ಮ ಬಂದಾಗ ಊಟಕ್ಕೆ ಎಬ್ಬಿಸಿ. ಅವನಿಗೆ ಇಷ್ಟವಾದದ್ದನ್ನೇ ಮಾಡಿ, ಬಡಿಸಿ, ಎದುರಿಗೆ ಕೂತು ಉಣ್ಣಲಿ. ಕೈ ತೊಳೆದ ಮೇಲೆ, ಸಾಲಕ್ಕೆ ನನ್ನ ಹತ್ತಿರ ದುಡ್ಡಿಲ್ಲ, ಆಸ್ಪತ್ರೆಗೆ ಹೋಗುವುದಾದರೆ ಯಾವ ದಿನ ಹೇಳಿದರೂ ರಜೆ ಹಾಕಿ ಬರುತ್ತೇನೆ ಎಂದು ಹೇಳಿ. ಹೇಳುವಾಗ ಅವನ ಹೆಸರು ಹಿಡಿದು ಕರೆಯಿರಿ. ಬಳೆ ಕೈಯಲ್ಲೇ ಇರಲಿ, ಬಚ್ಚಿಡಬೇಡಿ.